ಬುಟ್ಟಿ ಅಂಗಳ ದಾಟಬೇಕು

ಪ್ರಶ್ನೆ: ಅಕ್ಕಾ, ಹನ್ನೊಂದು ವರ್ಷದಿಂದ ಕವಿತೆ ಬರೆಯುತ್ತಿದ್ದೇನೆ. ನಾಲ್ಕು ನೋಟ್‌ಬುಕ್ ತುಂಬಿವೆ. ಯಾರಿಗೂ ತೋರಿಸಿಲ್ಲ. "ಇದರಿಂದ ಏನು ಸಿಗತ್ತೆ?" ಅಂತ ಮನೆಯಲ್ಲಿ ಕೇಳುತ್ತಾರೆ. ಬಿಟ್ಟುಬಿಡೋಣ ಅಂದರೂ ಆಗುತ್ತಿಲ್ಲ. ಬರೆಯಲೇಬೇಕು ಅಂತ ಯಾಕೆ ಹೀಗೆ ಕಾಡುತ್ತದೆ?
– ಓದುಗಿ, ಹೊಸನಗರ

ಉತ್ತರ: ತಂಗೀ, ನಿಮ್ಮ ಪತ್ರ ಓದಿ ನಮ್ಮ ಅಮ್ಮಮ್ಮನ ಬುಟ್ಟಿ ನೆನಪಾಯಿತು.

ನಮ್ಮದು ಸಾಗರದ ಕಡೆಯ ಹಳ್ಳಿ, ದೀವರ ಸಮುದಾಯದ ಮನೆ. ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ ಹತ್ತಿರ ಬಂತು ಅಂದರೆ ಅಮ್ಮಮ್ಮ ಅಟ್ಟದಿಂದ ಭೂಮಣ್ಣಿ ಬುಟ್ಟಿ, ಅಂದರೆ ಹಬ್ಬದ ಅಡುಗೆ ಗದ್ದೆಗೆ ಒಯ್ಯುವ ಚಿತ್ತಾರದ ಬುಟ್ಟಿ ಇಳಿಸುತ್ತಿದ್ದಳು. ಹೋದ ವರ್ಷದ ಚಿತ್ತಾರ ಹೊಗೆ ಹಿಡಿದು ಇನ್ನೂ ಅದರ ಮೇಲಿರುತ್ತಿತ್ತು. ಅದರ ಮೇಲೇ ಸಗಣಿ ಬಳಿಯುತ್ತಿದ್ದಳು. ಒಣಗಿದ ಮೇಲೆ ಕೆಮ್ಮಣ್ಣು. ಅಕ್ಕಿ ನೆನೆಸಿ ಅರೆದರೆ ಬಿಳಿ ಬಣ್ಣ, ಪುಂಡಿ ನಾರಿನದೇ ಕುಂಚ. ನಾನು ಬುಡ್ಡಿದೀಪ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಒಂದೊಂದು ಎಳೆ ಎಳೆಯುವಾಗಲೂ ಅವಳು ಉಸಿರು ಹಿಡಿಯುತ್ತಿದ್ದಳು. ಗೆರೆ ಮುಗಿದ ಮೇಲೇ ಉಸಿರು ಬಿಡುವುದು.

ಒಂದು ವರ್ಷ ಅವಳಿಗೆ ಜ್ವರ. "ಈ ಸಲ ಬಿಡಮ್ಮಾ, ಬರೀ ಕೆಮ್ಮಣ್ಣು ಬಳಿದರೆ ಸಾಕು" ಅಂದಳು ನನ್ನಮ್ಮ. "ಖಾಲಿ ಬುಟ್ಟಿ ಕಂಡರೆ ಕೈ ಸುಮ್ನಿರಲ್ಲ ಕಣೇ" ಅಂತ ಅಮ್ಮಮ್ಮ ಎದ್ದು ಕೂತಳು. ಕೈ ನಡುಗಿ ಒಂದು ಗೆರೆ ಸೊಟ್ಟಗಾಯಿತು. ಒರೆಸಲಿಲ್ಲ. ಅದರ ಪಕ್ಕ ಅಷ್ಟೇ ಸೊಟ್ಟಗೆ ಇನ್ನೊಂದು ಎಳೆದಳು. ನೋಡನೋಡುತ್ತಾ ಅದು ಗದ್ದೆಯ ಬದುವಾಯಿತು!

ನಮ್ಮಲ್ಲಿ ಚಿತ್ತಾರವನ್ನೂ 'ಬರೆಯುವುದು' ಅಂತಲೇ ಹೇಳುತ್ತೇವೆ. ಹಾಗಾಗಿ ನಿಮ್ಮದೂ ಅವಳದೂ ನನಗೆ ಒಂದೇ ಕೆಲಸವಾಗಿ ಕಾಣುತ್ತದೆ. ವರ್ಷವಿಡೀ ಸಸಿ ನೆಟ್ಟವಳು, ಕಳೆ ಕಿತ್ತವಳು, ಬದುವಿನ ಮೇಲೆ ಓಡಾಡಿದವಳು. ಕಂಡಿದ್ದೆಲ್ಲ ಕೈಗೆ ಇಳಿದು ಕಾಯುತ್ತಿತ್ತು. ನಿಮ್ಮನ್ನು ಕಾಡುತ್ತಿರುವುದೂ ಅದೇ.

ಆದರೆ ಅಷ್ಟೇ ಅಲ್ಲ. ಹುಣ್ಣಿಮೆಯ ದಿನ ಇನ್ನೂ ಬೆಳಕು ಹರಿಯುವ ಮೊದಲೇ ಅಡುಗೆ ತುಂಬಿದ ಬುಟ್ಟಿ ಗದ್ದೆಗೆ ಹೊರಡುತ್ತದೆ. ಆ ಸಲ ಜ್ವರ ಇಳಿದಿತ್ತು, ಅಮ್ಮಮ್ಮನೂ ಬಂದಳು. ಪಕ್ಕದ ಮನೆಯ ಸೊಸೆ ಬುಟ್ಟಿಯ ಹತ್ತಿರ ದೀಪ ಹಿಡಿದು, "ಅತ್ತೇ, ಇದು ನಿಮ್ಮ ಕೆರೆ ಕೆಳಗಿನ ಗದ್ದೆ ಬದು ಅಲ್ವಾ?" ಅಂದಳು. ಅಮ್ಮಮ್ಮ ಏನೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ನಲವತ್ತು ವರ್ಷ ಆಯಿತು, ನನಗಿನ್ನೂ ಮರೆತಿಲ್ಲ.

ಅವಳಿಗೆ ಬರೆಯುವುದು ಎಷ್ಟು ಬೇಕಿತ್ತೋ ಆ ಪ್ರಶ್ನೆಯೂ ಅಷ್ಟೇ ಬೇಕಿತ್ತು. ನಿಮ್ಮ ಬುಟ್ಟಿ ಮಾತ್ರ ಹನ್ನೊಂದು ವರ್ಷದಿಂದ ಅಟ್ಟದ ಮೇಲೇ ಇದೆ. ನಿಮಗೆ ಸಂಕಟ ಜಾಸ್ತಿಯಾಗಿರುವುದು ಅದಕ್ಕೇ ಅಂತ ನನಗನ್ನಿಸುತ್ತದೆ. ಬರೆಯುವುದು ಬಿಟ್ಟರೆ ಅದು ಕಡಿಮೆಯಾಗುವುದಿಲ್ಲ.

ಪತ್ರಿಕೆಗೆ ಕಳಿಸುವ ಯೋಚನೆ ಈಗಲೇ ಬೇಡ. ದೊಡ್ಡ ಸಭೆಯೂ ಬೇಡ. ಸಾಗರದ ಹತ್ತಿರದ ನಮ್ಮ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ನಾಟಕ ಸಂಸ್ಥೆ ಶುರುವಾಗಿದ್ದೂ ಊರವರೇ ಸೇರಿಕೊಂಡು. ಹೊಸನಗರದಿಂದ ಅದೇನು ದೂರ? ನಾಟಕ ಇರುವ ದಿನ ಹೋಗಿ ಜನರ ನಡುವೆ ಕೂತು ಬನ್ನಿ. ಕೇಳಿಸಿಕೊಳ್ಳುವವರ ಮುಖ ಹೇಗಿರುತ್ತದೆ ಅಂತ ನೋಡಿ.

ಆಮೇಲೆ ನಾಲ್ಕನೇ ನೋಟ್‌ಬುಕ್ಕಿನಿಂದ ಒಂದೇ ಒಂದು ಕವಿತೆ ತೆಗೆಯಿರಿ. "ಏನು ಸಿಗತ್ತೆ" ಅಂತ ಮನೆಯಲ್ಲಿ ಕೇಳಿದವರಿಗೇ ಗಟ್ಟಿಯಾಗಿ ಓದಿ ಹೇಳಿ. ಅವರು ಏನು ಕೇಳಿದರು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.