ಫೈಲ್ ಹೋಯ್ತು, ಜಾಗ ಬರಲಿಲ್ಲ!

ಪ್ರಶ್ನೆ: ನನ್ನ ಮ್ಯಾಕ್‌ಬುಕ್‌ನಿಂದ ಮದುವೆ ವಿಡಿಯೊಗಳ 80 ಜಿಬಿ ಫೋಲ್ಡರ್ ಅಳಿಸಿದೆ. ಟ್ರ್ಯಾಶ್ ಕೂಡ ಖಾಲಿ ಮಾಡಿದೆ. ಆದರೂ ಡಿಸ್ಕ್‌ನಲ್ಲಿ ಜಾಗ ಹೆಚ್ಚಾಗಿಲ್ಲ. ಬ್ಯಾಕಪ್‌ಗೆ ಟೈಮ್ ಮೆಷಿನ್ ಬಳಸುತ್ತೇನೆ. ಡಿಸ್ಕ್ ಕೆಟ್ಟಿದೆಯಾ?

ಉತ್ತರ: ಡಿಸ್ಕ್ ಮೇಲೆ ಸುಮ್ನೆ ಅನುಮಾನ ಬೇಡ. ನನಗೆ ಅನುಮಾನ ಇರುವುದು ಆ ಟೈಮ್ ಮೆಷಿನ್ ಮೇಲೆಯೇ. ಹೊರಗಿನ ಡಿಸ್ಕ್ ಜೋಡಿಸದಿದ್ದರೂ ಅದು ಮ್ಯಾಕ್‌ನ ಒಳಗೇ ಆಗಾಗ ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಡಿಸ್ಕ್‌ನಲ್ಲಿ ಏನೇನಿತ್ತು ಎಂಬುದರ ದಾಖಲೆ) ತೆಗೆದಿಡುತ್ತದೆ. ನೀವು ಅಳಿಸಿದ ಫೈಲ್ ಆ ಸ್ನ್ಯಾಪ್‌ಶಾಟ್‌ನಲ್ಲಿ ಇರುವವರೆಗೂ ಜಾಗ ಬಿಡುಗಡೆಯಾಗುವುದಿಲ್ಲ. ಸಾಮಾನ್ಯವಾಗಿ 24 ಗಂಟೆಯಲ್ಲಿ ಅದು ತಾನಾಗಿಯೇ ಹೋಗುತ್ತದೆ. ಹಾಗಾಗಿ ನಾಳೆವರೆಗೆ ಕಾಯಿರಿ ಎಂಬುದೇ ನನ್ನ ಮೊದಲ ಸಲಹೆ.

ಅರ್ಜೆಂಟ್ ಇದೆ ಅಂತೀರಾ? ಮ್ಯಾಕ್‌ನಲ್ಲೇ ಇರುವ ಡಿಸ್ಕ್ ಯುಟಿಲಿಟಿ ಆ್ಯಪ್ ತೆರೆಯಿರಿ. ಎಡಗಡೆ ‘ಡೇಟಾ’ ಎಂದಿರುವ ವಾಲ್ಯೂಮ್ (ಡಿಸ್ಕ್‌ನ ಒಂದು ಭಾಗ) ಆರಿಸಿ, ವ್ಯೂ ಮೆನುವಿನಲ್ಲಿ ‘ಶೋ ಎಪಿಎಫ್‌ಎಸ್ ಸ್ನ್ಯಾಪ್‌ಶಾಟ್ಸ್’ ಒತ್ತಿ. ಕೆಳಗೆ ಪಟ್ಟಿ ಬರುತ್ತದೆ, ತಾರೀಖು ನೋಡಿ ಹಳೆಯದನ್ನು ಅಳಿಸಿ. ಹೊರಗಿನ ಡಿಸ್ಕ್‌ನಲ್ಲಿರುವ ಬ್ಯಾಕಪ್‌ಗೆ ಏನೂ ಆಗುವುದಿಲ್ಲ. ಈ ಸೌಲಭ್ಯ ಮ್ಯಾಕ್‌ಒಎಸ್ 12ರಿಂದ ಈಚೆಗೆ ಇದೆ. ‘ಕ್ಲೀನರ್’ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ, ಅದರ ಅಗತ್ಯವೇ ಇಲ್ಲ.

ಅಂದಹಾಗೆ, ವಿಡಿಯೊಗಳು ಫೋಟೋಸ್ ಆ್ಯಪ್‌ನಲ್ಲೂ ಇದ್ದವಾ? ಅಲ್ಲಿ ಅಳಿಸಿದ್ದು ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ ಸುಮಾರು 30 ದಿನ ಕೂತಿರುತ್ತದೆ. ಅದನ್ನೂ ಖಾಲಿ ಮಾಡಿ.