ಗುಳಿಗೆ ಕೊಲ್ಲುವುದಿಲ್ಲ, ಸ್ವಾಮಿ

ನಮಸ್ಕಾರ. ವೆನೆಟೊಕ್ಲಾಕ್ಸ್ ಎಂಬ ರಕ್ತಕ್ಯಾನ್ಸರ್ ಗುಳಿಗೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಒಳ್ಳೆಯ ವಿಷಯ ಹಿಡಿದಿದ್ದೀರಿ, ಭಾಷೆಯೂ ಸರಾಗವಾಗಿದೆ. ಆದರೆ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು.

'ಬಿಸಿಎಲ್-2 ಎಂಬ ಪ್ರೋಟೀನು ಕ್ಯಾನ್ಸರ್ ಕೋಶಗಳನ್ನು ಬೇಗ ಬೇಗ ಬೆಳೆಸುತ್ತದೆ' ಅಂತೀರಿ. ಎಲ್ಲಿ ಬೆಳೆಸುತ್ತದೆ? 1988ರಲ್ಲಿ ಮೆಲ್ಬರ್ನ್‌ನಲ್ಲಿ ಡೇವಿಡ್ ವಾಕ್ಸ್ ಮತ್ತು ಜೊತೆಗಾರರು ಈ ಪ್ರೋಟೀನಿನ ಜೀನನ್ನು ರಕ್ತದ ಕೋಶಗಳಿಗೆ ಸೇರಿಸಿ, ಅವು ಬದುಕಲು ಬೇಕಾದ ಪೋಷಕ ಅಂಶವನ್ನು ತೆಗೆದುಬಿಟ್ಟರು. ಕೋಶಗಳು ಸಾಯಲಿಲ್ಲ. ಹಾಗಂತ ಹೆಚ್ಚಲೂ ಇಲ್ಲ, ಸುಮ್ನೆ ಬದುಕಿಕೊಂಡಿದ್ದವು. ಸಾವನ್ನು ತಡೆದರೂ ಕ್ಯಾನ್ಸರ್‌ಗೆ ದಾರಿಯಾಗುತ್ತದೆ ಅನ್ನುವ ವಿಚಾರ ಗಟ್ಟಿಯಾಗಿದ್ದು ಅಲ್ಲಿಂದ. ನಿಮ್ಮ ಲೇಖನದ ಜೀವ ಇರಬೇಕಾಗಿದ್ದದ್ದೇ ಅಲ್ಲಿ, ಅಲ್ವಾ?

ಮುಂದಿನ ಸಾಲು: 'ಗುಳಿಗೆ ಕ್ಯಾನ್ಸರ್ ಕೋಶದ ಮೇಲೆ ದಾಳಿ ಮಾಡಿ ಕೊಲ್ಲುತ್ತದೆ.' ಸಾಯುವ ಏರ್ಪಾಡು ಕೋಶದಲ್ಲೇ ಇದೆ. ಬಿಮ್‌ನಂಥ ಪ್ರೋಟೀನುಗಳು ಆ ಕೆಲಸಕ್ಕೆ ತಯಾರಾಗಿರುತ್ತವೆ, ಬಿಸಿಎಲ್-2 ಅವನ್ನು ತನ್ನ ಮೈಮೇಲಿನ ಒಂದು ಕುಳಿಯಲ್ಲಿ ಹಿಡಿದಿಟ್ಟಿರುತ್ತದೆ. ಗುಳಿಗೆಯ ಅಣು ಹೋಗಿ ಅದೇ ಕುಳಿಯಲ್ಲಿ ಕೂರುತ್ತದೆ, ಬಿಮ್ ಬಿಡಿಸಿಕೊಳ್ಳುತ್ತದೆ. ಆಮೇಲೆ ಬ್ಯಾಕ್ಸ್, ಬ್ಯಾಕ್ ಪ್ರೋಟೀನುಗಳು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹೊರಪೊರೆಗೆ ತೂತು ಕೊರೆಯುತ್ತವೆ. ಅದರೊಳಗಿನ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಹೊರಗೆ ಬರುತ್ತದೆ, ಪ್ರೋಟೀನುಗಳನ್ನು ತುಂಡರಿಸುವ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಇಷ್ಟನ್ನೂ 'ದಾಳಿ' ಅಂತ ಮುಗಿಸಿಬಿಟ್ಟರೆ ಓದುಗನಿಗೆ ಸಿಕ್ಕಿದ್ದೇನು?

ನಾನು ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ನಮ್ಮ ಕ್ರಿಯಾಪದಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಯಾರು? ಹೇಗೆ?' ಅಂತ ಗೀಚಿ ಹಾಳೆ ವಾಪಸ್ ಎಸೆಯುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಟೀ ಕುಡಿಯಲು ಹೋದಾಗ ನಾವೆಲ್ಲ ಸೇರಿ ಅವರನ್ನು ಬೈದುಕೊಳ್ಳುತ್ತಿದ್ದೆವು. ಅವರ ಕೈಗೆ ನಿಮ್ಮ ಹಾಳೆ ಸಿಕ್ಕಿದ್ದರೆ ಪೂರ್ತಿ ಕೆಂಪಾಗುತ್ತಿತ್ತು.

'ಯಾವ ಅಡ್ಡಪರಿಣಾಮವೂ ಇಲ್ಲ' ಅನ್ನುವ ಸಾಲಿಗೂ ಇದೇ ಕಾರಣ. ಕೋಶ ಹೇಗೆ ಸಾಯುತ್ತದೆ ಅಂತ ಬರೆದಿದ್ದರೆ, ಲಕ್ಷಾಂತರ ಕೋಶ ಒಟ್ಟಿಗೆ ಸತ್ತರೆ ಏನಾಗುತ್ತದೆ ಅನ್ನುವ ಪ್ರಶ್ನೆ ತಾನಾಗೇ ಬರುತ್ತಿತ್ತು. ಅವುಗಳೊಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ಸುರಿಯುತ್ತವೆ, ಯೂರಿಕ್ ಆಮ್ಲ ಏರುತ್ತದೆ, ಕಿಡ್ನಿ ಕೈಕೊಡಬಹುದು. ಅದಕ್ಕೇ ದೀರ್ಘಕಾಲದ ಲಿಂಫೋಸೈಟ್ ರಕ್ತಕ್ಯಾನ್ಸರ್‌ನಲ್ಲಿ ದಿನಕ್ಕೆ 20 ಮಿಲಿಗ್ರಾಂನಿಂದ ಶುರುಮಾಡಿ, ವಾರವಾರ ಏರಿಸುತ್ತಾ, 5ನೇ ವಾರಕ್ಕೆ 400ಕ್ಕೆ ತರುತ್ತಾರೆ. ಬಿಳಿರಕ್ತಕಣ ಕಡಿಮೆಯಾಗುವುದೂ ಇದೆ. ನಿಮ್ಮ ಸಾಲು ನಂಬಿ ರೋಗಿಯ ಮನೆಯವರು ರಕ್ತಪರೀಕ್ಷೆ ತಪ್ಪಿಸಿದರೆ?

ಉಳಿದದ್ದರ ಬಗ್ಗೆ ನನ್ನ ತಕರಾರಿಲ್ಲ. ಈ ಮೂರು ಸಾಲನ್ನು ಬಿಡಿಸಿ ಬರೆದು ಕಳಿಸಿ. ಶೀರ್ಷಿಕೆಯಲ್ಲಿರುವ 'ಪವಾಡ'ವನ್ನು ಈಗಲೇ ಹೊಡೆದುಹಾಕಿದ್ದೇನೆ.