ವೆಸ್ಟ್ ವರ್ಜೀನಿಯಾದಲ್ಲಿ ಮೊದಲ ವರ್ಷ

ಆಗಸ್ಟ್‌ಗೆ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮಾರ್ಗನ್‌ಟೌನ್‌ಗೆ ಬರ್ತಿದ್ದೀರಿ. ಏನು ತರಬೇಕು, ಚಳಿ ಹೇಗೆ, ವರ್ಷವಿಡೀ ಅಲ್ಲಿ ಏನಿರುತ್ತೆ ಅಂತ ಕೇಳಿದ್ದೀರಿ. ಕೋಟು ಇಲ್ಲಿಗೆ ಬಂದ ಮೇಲೆ ಕೊಳ್ಳಿ. ಸಾರಿನಪುಡಿ, ಹುಳಿಪುಡಿ ಮನೆಯದ್ದೇ ತನ್ನಿ. ಉಳಿದ ಸಾಮಾನಿಗೆ ಪಿಟ್ಸ್‌ಬರ್ಗ್ ಒಂದೂವರೆ ಗಂಟೆ ದಾರಿ, ವೆಂಕಟೇಶ್ವರನ ದರ್ಶನವೂ ಅಲ್ಲೇ ಆಗುತ್ತೆ.

ವರ್ಷದ ವಿಚಾರ ಸ್ವಲ್ಪ ಉದ್ದ. ಇದು ಕಲ್ಲಿದ್ದಲಿನ ರಾಜ್ಯ, ಇಲ್ಲಿಯವರ ಪಂಚಾಂಗದಲ್ಲೇ ಗಣಿ ಇದೆ.

ಅಕ್ಟೋಬರ್‌ನ ಮೂರನೇ ಶನಿವಾರ ಫಯೆಟ್‌ವಿಲ್ ಹತ್ತಿರ ನ್ಯೂ ರಿವರ್ ಸೇತುವೆಯ ಜಾತ್ರೆ. 876 ಅಡಿ ಎತ್ತರದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುತ್ತಾರೆ. ಬೆಳಿಗ್ಗೆ ಬೇಗ ಹೋಗಿ.

ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಸೋಮವಾರ ಬಂದೂಕಿನ ಜಿಂಕೆ ಬೇಟೆ ಶುರು. ಅನೇಕ ಕಡೆ ಶಾಲೆಗೂ ಇಡೀ ವಾರ ರಜೆ. ಆ ದಿನಗಳಲ್ಲಿ ಕಾಡಿನ ಕಡೆ ನಡೆಯಲು ಹೋದರೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿ, ಕಂದು ಬಣ್ಣದ್ದು ಬೇಡವೇ ಬೇಡ. ಮುಸ್ಸಂಜೆ ಕಾರು ಓಡಿಸುವಾಗ ಒಂದು ಜಿಂಕೆ ದಾಟಿತು ಅಂತ ವೇಗ ಹೆಚ್ಚಿಸಬೇಡಿ, ಹಿಂದೆ ಇನ್ನೊಂದು ಇರುತ್ತೆ. ಎದುರಿಗೇ ಬಂದರೆ ಬ್ರೇಕ್ ಒತ್ತಿ, ಸ್ಟೀರಿಂಗ್ ತಿರುಗಿಸಬೇಡಿ. ಇಲ್ಲಿಯ ರಸ್ತೆಗಳಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಳ್ಳ.

ಅದೇ ತಿಂಗಳ 20, ಫಾರ್ಮಿಂಗ್‌ಟನ್. 1968ರಲ್ಲಿ ಅಲ್ಲಿಯ 9ನೇ ನಂಬರ್ ಗಣಿ ಸ್ಫೋಟಿಸಿ 78 ಜನ ಸತ್ತರು. ಬೆಂಕಿ ಆರದೆ ಗಣಿಯ ಬಾಯಿ ಮುಚ್ಚಿದರು. ಆಮೇಲೆ ತೆರೆದು ವರ್ಷಗಟ್ಟಲೆ ಹುಡುಕಿದರೂ 19 ಜನರ ದೇಹ ಸಿಗಲೇ ಇಲ್ಲ. 1969ರ ಗಣಿ ಸುರಕ್ಷತಾ ಕಾನೂನು ಬಂದದ್ದು ಅದರ ನಂತರ. ಡಿಸೆಂಬರ್ 6 ಮೊನೊಂಗಾ ದಿನ: 1907ರಲ್ಲಿ ಆ ಊರಿನ ಗಣಿ ಸ್ಫೋಟಿಸಿ ಸರ್ಕಾರಿ ಲೆಕ್ಕದಲ್ಲೇ 362 ಸಾವು, ಅವರಲ್ಲಿ ಇಟಲಿಯಿಂದ ಬಂದ ವಲಸಿಗರು ಬಹಳ. ಹಾಗೆ ತಂದೆಯನ್ನು ಕಳೆದುಕೊಂಡ ಮಕ್ಕಳನ್ನು ನೆನೆದೇ 1908ರ ಜುಲೈ 5ರಂದು ಫೇರ್‌ಮಾಂಟ್‌ನ ಚರ್ಚಿನಲ್ಲಿ ತಂದೆಯರ ಹೆಸರಲ್ಲಿ ಪ್ರಾರ್ಥನೆ ನಡೆಯಿತು. ಫಾರ್ಮಿಂಗ್‌ಟನ್, ಮೊನೊಂಗಾ ಎರಡೂ ಊರು ನಿಮಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ದೂರವಷ್ಟೇ. ಸ್ಮಾರಕಕ್ಕೆ ಹೋದರೆ ಸೆಲ್ಫಿ ಬೇಡ. ಹೆಸರುಗಳನ್ನು ಓದಿ.

ಊಟದ ಮಾತು. ಪೆಪರೋನಿ ರೋಲ್ ಅಂತ ಒಂದು ಬ್ರೆಡ್ ಎಲ್ಲೆಲ್ಲೂ ಕಾಣುತ್ತೆ. ಫೇರ್‌ಮಾಂಟ್‌ನ ಜುಸೆಪ್ಪೆ ಆರ್ಜಿರೋ, ತಾನೂ ಗಣಿಯಲ್ಲಿ ದುಡಿದವನು, ತನ್ನ ಬೇಕರಿಯಲ್ಲಿ ಶುರುಮಾಡಿದ್ದು. ತಣ್ಣಗಿಡದಿದ್ದರೂ ಕೆಡುವುದಿಲ್ಲ, ಒಂದು ಕೈಯಲ್ಲಿ ಹಿಡಿದು ತಿನ್ನಬಹುದು, ಗಣಿಯ ಕತ್ತಲಿಗೆ ಹೇಳಿಮಾಡಿಸಿದ ಬುತ್ತಿ. ಒಳಗಿರುವುದು ಹಂದಿ, ದನದ ಮಾಂಸ. ಬೇಯುವಾಗ ಕೊಬ್ಬು ಬ್ರೆಡ್ಡಿಗೆ ಇಳಿಯುತ್ತೆ, ಕಿತ್ತು ತೆಗೆದು ತಿನ್ನುತ್ತೇನೆ ಅಂದರೆ ಆಗದು. ನೀವು ಸಸ್ಯಾಹಾರಿಯಾದರೆ ಬರೀ ಚೀಸ್ ಹಾಕಿದ್ದು ಇದೆಯಾ ಅಂತ ಬೇಕರಿಯಲ್ಲಿ ಕೇಳಿ. ಆದರೆ ಪಕ್ಕದ ಮನೆಯವರು ತಟ್ಟೆ ಹಿಡಿದು ಬಂದರೆ ಬಾಗಿಲಲ್ಲೇ ಬೇಡ ಅನ್ನಬೇಡಿ. ನಾನು ಬಂದ ಹೊಸದರಲ್ಲಿ ಒಬ್ಬ ಮುದುಕರಿಗೆ ಹಾಗಂದೆ. ಮೂವತ್ತು ವರ್ಷ ಗಣಿಗಿಳಿದ ಮನುಷ್ಯ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಿದ್ದರು. ಕಾರಣ ಹೇಳಿ ತಟ್ಟೆ ಇಸಕೊಂಡು, ಮರುದಿನ ಅದರಲ್ಲಿ ಚಿತ್ರಾನ್ನ ಹಾಕಿ ಕೊಡಬಹುದಿತ್ತು. ನಮ್ಮಲ್ಲಿ ಖಾಲಿ ತಟ್ಟೆ ಯಾರು ಹಿಂದಿರುಗಿಸುತ್ತಾರೆ? ಅವರು ಮತ್ತೆ ಬರಲಿಲ್ಲ, ಈಗ ಅವರೇ ಇಲ್ಲ.

ಏಪ್ರಿಲ್‌ನಲ್ಲಿ ರ‍್ಯಾಂಪ್ ಅನ್ನುವ ಕಾಡು ಸೊಪ್ಪು. ಈರುಳ್ಳಿ, ಬೆಳ್ಳುಳ್ಳಿ ಎರಡರ ಘಾಟೂ ಇರುತ್ತೆ, ಬಸ್ಸಾರಿಗೆ ಬಹಳ ಚೆನ್ನ. ಗಿಡಕ್ಕೆ ಒಂದೇ ಎಲೆ ಕುಯ್ಯಿ, ಗೆಡ್ಡೆ ಕೀಳಬೇಡಿ, ಬಲಿಯಲು ವರ್ಷಗಳೇ ಬೇಕು. ಹಾಗೇ ಕಾಣುವ ವಿಷದ ಗಿಡಗಳೂ ಉಂಟು. ಪ್ರತಿ ಎಲೆಯನ್ನೂ ಹಿಸುಕಿ ಮೂಸಿ, ಬೆಳ್ಳುಳ್ಳಿ ವಾಸನೆ ಇಲ್ಲದಿದ್ದರೆ ಬಿಸಾಡಿ. ಮೊದಲ ವರ್ಷ ಸಂತೆಯಲ್ಲೇ ಕೊಳ್ಳುವುದು ಮೇಲು.

ಜೂನ್ 20 ರಾಜ್ಯೋತ್ಸವ, 1863ರಲ್ಲಿ ವರ್ಜೀನಿಯಾದಿಂದ ಬೇರೆಯಾದ ದಿನ. ಊರು ಯಾವುದು ಅಂತ ಯಾರಾದರೂ ಕೇಳಿದರೆ ಬರೀ ‘ವರ್ಜೀನಿಯಾ’ ಅನ್ನಬೇಡಿ.

ನಿಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದವರು ಅಂತ ಬರೆದಿದ್ದೀರಿ. ಅವರ ಒಂದು ಫೋಟೋ ತನ್ನಿ. ಇಲ್ಲಿಯ ಹಳೇ ಗಣಿಯವರು ಮೊದಲು ಕೇಳುವುದೇ ಎಷ್ಟು ಆಳ ಅಂತ. ಮೀಟರ್ ಲೆಕ್ಕ ಬೇಡ, ಅಡಿಯಲ್ಲಿ ಹೇಳಿ: 10,000ಕ್ಕೂ ಹೆಚ್ಚು.